ಬಿತ್ತನೆಯ ಕಾಳು ಬೇರೆಯೇ ಇರಲಿ

ಹಿಂದೆ ಹಳೇ ಮೈಸೂರು ಸೀಮೆಯ ಒಕ್ಕಲಿಗರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಿತ್ತನೆಯ ಕಾಳನ್ನು ಮಾತ್ರ ಬೇರೆಯಾಗಿ ಕಾಪಾಡುತ್ತಿದ್ದರು. ಹಗೇವಿಗೆ ನೀರು ನುಗ್ಗಿದರೂ ಮರುವರ್ಷದ ಬಿತ್ತನೆ ನಿಲ್ಲುತ್ತಿರಲಿಲ್ಲ. ಚಾಮರಾಜನಗರದ ಬಳಿಯ ಸಂತೆಮರಹಳ್ಳಿಯಲ್ಲಿ ಹಿರಿಯರ ಮನೆಯನ್ನುಳ್ಳ ಬೆಂಗಳೂರಿನ ಸಂಸಾರಕ್ಕೆ ಈ ವಿವೇಕವು ಇಂದು ಗಣಕಯಂತ್ರದ ಮುಂದೆ ಮತ್ತೆ ಬೇಕಾಗಿದೆ.

1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈಯಗಲದ ಡಿಸ್ಕ್‌ನಲ್ಲಿ ಮದುವೆಯ ಚಿತ್ರಗಳು, ಅಜ್ಜಿಯ ದನಿ, ಜಮೀನಿನ ಪತ್ರಗಳ ನಕಲು ಎಲ್ಲವೂ ಅಡಗುತ್ತವೆ. ಆದರೆ ಒಳಗೆ ಸುತ್ತುವ ತಟ್ಟೆಗೂ ಅದನ್ನು ಓದುವ ಸಾಧನಕ್ಕೂ ಇರುವ ಅಂತರವು ಕೂದಲೆಳೆಗಿಂತಲೂ ಕಿರಿದು. ಒಮ್ಮೆ ಕೈಜಾರಿದರೆ ಸರ್ವಸ್ವವೂ ಹೋದೀತು!

ಕಡತಗಳನ್ನು ಬೇರೆ ಡಿಸ್ಕ್‌ಗೆ ಸಾಗಿಸಿ ಮೂಲವನ್ನು ಅಳಿಸಿದರೆ ರಕ್ಷಣೆಯಾಯಿತೆಂಬುದು ಭ್ರಮೆ. ಆಗಲೂ ಉಳಿಯುವುದು ಒಂದೇ ಪ್ರತಿ. ಒಂದೇ ಡಿಸ್ಕನ್ನು ಎರಡು ಭಾಗ ಮಾಡಿದರೂ ಅಷ್ಟೆ. ಮೂಲವು ಗಣಕದಲ್ಲಿಯೇ ಇರಲಿ. ಒಂದು ಪ್ರತಿಯು ಬೇರೆ ಡಿಸ್ಕ್‌ನಲ್ಲಿ, ನಕಲಾದೊಡನೆ ತಂತಿ ಕಳಚಿ ಇಟ್ಟಿರಲಿ. ಮತ್ತೊಂದು ಊರಿನ ಹಿರಿಯರ ಬೀರುವಿನಲ್ಲಿರಲಿ. ಹಬ್ಬಕ್ಕೆ ಹೋದಾಗ ಅದನ್ನು ತೆರೆದು ನೋಡಿ, ಹೊಸದನ್ನು ಸೇರಿಸಬೇಕು. ಮೊಳೆಯುವುದೋ ಇಲ್ಲವೋ ಎಂದು ನೋಡದ ಕಾಳನ್ನು ನಂಬಿ ಹೊಲಕ್ಕಿಳಿಯುವವರುಂಟೆ?