ಪರಮಪ್ರಸಾದದ ಸಾಲಿನಲ್ಲಿ ನಾವು ಯಾಕೆ ನಿಲ್ಲುವ ಹಾಗಿಲ್ಲ?

ಇವತ್ತಿನ ಮಾತನ್ನು ನನಗೇ ಆದ ಒಂದು ಮುಜುಗರದಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಮ್ಮ ಟೀಮಿನ ಹುಡುಗನೊಬ್ಬನ ಮದುವೆ. ಮಂಗಳೂರು ಕಡೆಯ ಕಥೋಲಿಕ ಕುಟುಂಬ. ಆಫೀಸಿನಿಂದ ಹತ್ತು ಹನ್ನೆರಡು ಜನ ಚರ್ಚಿಗೆ ಹೋಗಿದ್ವಿ. ಮದುವೆಯ ಜೊತೆಗೇ ಪೂಜೆಯೂ ಇತ್ತು. ಕೊನೆಯ ಹೊತ್ತಿಗೆ ಜನ ಎದ್ದು ಸಾಲಾಗಿ ಮುಂದೆ ಹೊರಟರು. ಗುರುಗಳು ಒಬ್ಬೊಬ್ಬರಿಗೂ ಬಿಳಿಯ ತೆಳ್ಳನೆಯದೇನೋ ಕೊಡ್ತಾ ಇದ್ರು. ನಾನೂ ಎದ್ದೆ. ದೇವಸ್ಥಾನಕ್ಕೆ ಹೋದವರು ಪ್ರಸಾದ ತಗೊಳ್ಳದೆ ಬರಬಾರದು ಅಂತ ಕೇಳಿ ಬೆಳೆದವರು ನಾವು. ಅಷ್ಟರಲ್ಲಿ ಹುಡುಗನ ಚಿಕ್ಕಮ್ಮ ಹಿಂದಿನಿಂದ ಮೆಲ್ಲಗೆ, "ನೀವು ಇಲ್ಲೇ ಕೂತುಕೊಳ್ಳಿ ಆಯ್ತಾ, ಅದು ಕುಮ್ಗಾರ್, ನಮ್ಮವರಿಗೆ ಮಾತ್ರ" ಅಂದ್ರು.

ಕೂತೆ. ಆದರೆ ಆ "ನಮ್ಮವರಿಗೆ ಮಾತ್ರ" ಅನ್ನೋದು ಸ್ವಲ್ಪ ಚುಚ್ಚಿತು. ಪ್ರಸಾದ ಅಂದ ಮೇಲೆ ನಮ್ಮವರು, ನಿಮ್ಮವರು ಅಂತ ಉಂಟಾ? ಈ ಪ್ರಶ್ನೆ ಹಿಡಿದು ಓದೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು, ನನ್ನ ಗೊಂದಲದ ಅರ್ಧ ಕಾರಣ ಕನ್ನಡದ ಹೆಸರಿನಲ್ಲೇ ಇದೆ ಅಂತ.

ಕನ್ನಡದ ಕಥೋಲಿಕರು ಅದನ್ನು "ಪರಮಪ್ರಸಾದ" ಅಂತಾರೆ. ಪ್ರಸಾದ ಅಂದ್ರೆ ನಮಗೆ ದೇವರಿಗೆ ನೈವೇದ್ಯ ಮಾಡಿ ಆಮೇಲೆ ಹಂಚುವುದು. ಮಂಗಳೂರಿನ ಕೊಂಕಣಿಯ "ಕುಮ್ಗಾರ್" ಬೇರೆ ಕಡೆಯಿಂದ ಬಂದ ಮಾತು. ಅದು ಪೋರ್ಚುಗೀಸಿನ "ಕೊಮುಂಗಾರ್" ಎಂಬ ಪದದಿಂದ ಬಂದಿದೆ. ಅದರ ಮೂಲ ಲ್ಯಾಟಿನ್, ಅರ್ಥ ಪಾಲುಗೊಳ್ಳುವುದು, ಒಂದಾಗುವುದು. ಇಂಗ್ಲಿಷಿನ ಕಮ್ಯುನಿಯನ್ ಕೂಡ ಅದೇ ಬಳಗದ್ದು. ಅಂದ್ರೆ ಕನ್ನಡದ ಹೆಸರು ಏನು ಸಿಗುತ್ತೆ ಅನ್ನೋದನ್ನು ಹೇಳುತ್ತೆ. ಕೊಂಕಣಿಯ ಹೆಸರು ಅದನ್ನು ತಗೊಂಡವರು ಏನಾಗ್ತಾರೆ ಅನ್ನೋದನ್ನು ಹೇಳುತ್ತೆ. ಎರಡೂ ಸೇರಿದರೇ ಪೂರ್ತಿ ಅರ್ಥ.

ಮೊದಲ ಅರ್ಧ: ಅದು ಏನು?

ಯೇಸು ತಾನು ಸಾಯುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತಾಗ ರೊಟ್ಟಿ ಮುರಿದು ಇದು ನನ್ನ ಶರೀರ ಅಂತಲೂ, ದ್ರಾಕ್ಷಾರಸದ ಬಟ್ಟಲು ಕೊಟ್ಟು ಇದು ನನ್ನ ರಕ್ತ ಅಂತಲೂ ಹೇಳಿದ, ನನ್ನ ನೆನಪಿಗಾಗಿ ಇದನ್ನು ಮಾಡಿ ಅಂದ ಅಂತ ಶುಭಸಂದೇಶಗಳು ಹೇಳ್ತವೆ. ಕಥೋಲಿಕರ ಬಲಿಪೂಜೆಯ ಕೇಂದ್ರದಲ್ಲಿರುವುದು ಇದೇ. ಗುರುಗಳು ಆ ಮಾತುಗಳನ್ನು ಮತ್ತೆ ಹೇಳಿದಾಗ ರೊಟ್ಟಿ ಮತ್ತು ದ್ರಾಕ್ಷಾರಸದ ರೂಪ, ರುಚಿ, ತೂಕ ಹಾಗೇ ಇದ್ದರೂ, ಅವು ಏನು ಅನ್ನೋದೇ ಬದಲಾಗುತ್ತದೆ, ಕ್ರಿಸ್ತನೇ ಅಲ್ಲಿರುತ್ತಾನೆ ಅನ್ನೋದು ಅವರ ನಂಬಿಕೆ. ನಂಬಿಕೆ ಹಳೆಯದು. ಅದಕ್ಕೊಂದು ತಾತ್ವಿಕ ಪದವನ್ನು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಬಳಸಿತು, 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಖಚಿತಪಡಿಸಿತು.

ಹಾಗಾಗಿ ಇದು ದೇವರಿಗೆ ತೋರಿಸಿ ಹಂಚುವ ತಿನಿಸಲ್ಲ. ಉಳಿದದ್ದನ್ನು ಡಬ್ಬಿಗೆ ಹಾಕಿ ಮನೆಗೆ ತಗೊಂಡು ಹೋಗೋ ಹಾಗಿಲ್ಲ. ಚರ್ಚಿನೊಳಗೆ ಬೀಗ ಇರುವ ಒಂದು ಸಣ್ಣ ಪೆಟ್ಟಿಗೆ, ಅದರ ಹತ್ತಿರ ಸದಾ ಉರಿಯುವ ದೀಪ ನೋಡಿರಬಹುದು. ಉಳಿದ ಪರಮಪ್ರಸಾದ ಇರುವುದು ಅಲ್ಲಿ. ಮುಖ್ಯವಾಗಿ, ಬರಲಾಗದ ರೋಗಿಗಳಿಗೆ ಅಲ್ಲಿಂದಲೇ ಒಯ್ಯುತ್ತಾರೆ.

ಸರಿ, ಇಷ್ಟು ಹೇಳಿದರೆ "ಪವಿತ್ರವಾದದ್ದು, ಅದಕ್ಕೇ ಎಲ್ಲರಿಗೂ ಕೊಡಲ್ಲ" ಅನ್ನಿಸುತ್ತೆ. ಆದರೆ ಕಾರಣ ಅಷ್ಟೇ ಅಲ್ಲ.

ಎರಡನೇ ಅರ್ಧ: ಯಾರು ಆ ಶರೀರ?

ಕ್ರಿಸ್ತಶಕ 50ರ ದಶಕದಲ್ಲಿ ಸಂತ ಪೌಲ ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಒಂದು ಪತ್ರ ಬರೆದ. ಕೊರಿಂಥ ಎರಡು ಬಂದರುಗಳ ನಡುವಿನ ವ್ಯಾಪಾರದ ಊರು, ಹೊರಗಿನಿಂದ ಬಂದವರೇ ತುಂಬಿದ ಊರು. ಅಲ್ಲಿನ ಕ್ರೈಸ್ತರು ಒಟ್ಟಾಗಿ ಸೇರಿ ಪ್ರಭುವಿನ ಊಟ ಮಾಡುತ್ತಿದ್ದರು. ಆದರೆ ಉಳ್ಳವರು ಮೊದಲೇ ಬಂದು ತಾವು ತಂದದ್ದನ್ನು ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳೋದಾದರೆ ಪಂಕ್ತಿಭೇದ. ಪೌಲ ಸಿಟ್ಟಾದ. ನೀವು ಮಾಡ್ತಿರೋದು ಪ್ರಭುವಿನ ಊಟವೇ ಅಲ್ಲ ಅಂತ ಬರೆದ. ಅದೇ ಪತ್ರದಲ್ಲಿ ಅವನು ಇಟ್ಟ ವಾದ ಹೀಗಿದೆ: ರೊಟ್ಟಿ ಒಂದೇ, ಅದರಲ್ಲಿ ಪಾಲು ತಗೊಳ್ಳುವವರು ಎಷ್ಟೇ ಜನ ಇದ್ದರೂ ಒಂದೇ ಶರೀರ.

ಇಲ್ಲಿ ನೋಡಿ, "ಕ್ರಿಸ್ತನ ಶರೀರ" ಅನ್ನೋ ಮಾತಿಗೆ ಎರಡು ಅರ್ಥ ಬಂತು. ಪೀಠದ ಮೇಲಿನ ರೊಟ್ಟಿಯೂ ಅದೇ, ಸುತ್ತ ನಿಂತ ಜನರೂ ಅದೇ. ಐದನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಹಿಪ್ಪೋ ಊರಿನ ಬಿಷಪ್ ಸಂತ ಅಗಸ್ಟೀನ್ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಇದನ್ನೇ ವಿವರಿಸಿದ. ಪೀಠದ ಮೇಲೆ ಇಟ್ಟಿರೋದು ನಿಮ್ಮದೇ ಗುಟ್ಟು, ನೀವು "ಆಮೆನ್" ಅನ್ನುವುದು ನೀವೇ ಏನಾಗಿದ್ದೀರೋ ಅದಕ್ಕೆ, ಹಾಗಾಗಿ ಆ ಆಮೆನ್ ಸುಳ್ಳಾಗದಂತೆ ಬದುಕಿ ಎಂಬುದು ಅವನ ಮಾತಿನ ಸಾರ.

ಇವತ್ತಿಗೂ ಗುರುಗಳು ಅದನ್ನು ಎತ್ತಿ ಹಿಡಿದು ಇದು ಕ್ರಿಸ್ತನ ಶರೀರ ಅಂದಾಗ, ತಗೊಳ್ಳುವವರು "ಆಮೆನ್" ಅಂತಾರೆ. ಆಮೆನ್ ಅಂದ್ರೆ "ಹೌದು, ಹಾಗೇ ಆಗಲಿ". ಒಂದು ಆಮೆನ್, ಎರಡು ಒಪ್ಪಿಗೆ. ಈ ರೊಟ್ಟಿ ಕ್ರಿಸ್ತ ಅಂತ ಒಂದು. ಈ ಧರ್ಮಸಭೆಯ ಅಂಗ ನಾನು ಅಂತ ಇನ್ನೊಂದು.

ಒಂದು ಊರಿನ ಪೂಜೆ, ಇಡೀ ಸಭೆ

ಈಗ ನಮ್ಮಂಥ ಊರು ಬಿಟ್ಟವರಿಗೆ ಹತ್ತಿರದ ಪ್ರಶ್ನೆ. ಜನ ನೂರಾರು ಊರಲ್ಲಿ ಚದುರಿದ್ದಾರಲ್ಲ, ಒಂದೇ ಶರೀರ ಹೇಗೆ?

ನಮ್ಮ ಕಂಪನಿಗಳ ಲೆಕ್ಕ ನಮಗೆ ಗೊತ್ತು. ಹೆಡ್ ಆಫೀಸ್ ಒಂದು ಕಡೆ, ಬೇರೆ ಊರುಗಳಲ್ಲಿ ಬ್ರಾಂಚು. ರೋಮ್ ಹೆಡ್ ಆಫೀಸ್, ಉಳಿದದ್ದೆಲ್ಲ ಬ್ರಾಂಚ್ ಅಂತ ನಾನೂ ಅಂದುಕೊಂಡಿದ್ದೆ. ಕಥೋಲಿಕ ತಿಳಿವಳಿಕೆ ಹಾಗಿಲ್ಲ. ಬಿಷಪ್ ಜೊತೆಗಿನ ಒಂದು ಊರಿನ ಸಭೆ ಬಲಿಪೂಜೆಗೆ ಸೇರಿದರೆ ಅಲ್ಲಿರೋದು ಧರ್ಮಸಭೆಯ ತುಂಡಲ್ಲ, ಇಡೀ ಧರ್ಮಸಭೆ. ಯಾಕಂದ್ರೆ ಕ್ರಿಸ್ತ ತುಂಡುತುಂಡಾಗಿ ಹಂಚಿಹೋಗುವವನಲ್ಲ. ಆದರೆ ಒಂದು ಷರತ್ತು ಇದೆ. ಆ ಸಭೆ ಉಳಿದ ಸಭೆಗಳ ಜೊತೆ ಕೂಡಿಕೊಂಡಿರಬೇಕು.

ಎರಡನೇ ಶತಮಾನದ ಆರಂಭದಲ್ಲೇ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಒಬ್ಬ ಬಿಷಪ್, ಒಂದು ಪೀಠ, ಒಂದು ಪರಮಪ್ರಸಾದ ಅಂತ ಒತ್ತಿ ಬರೆದಿದ್ದ. ಆಮೇಲೆ ರೋಮಿನಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಪೋಪ್ ಪೂಜೆ ಮಾಡಿದ ಮೇಲೆ ಪರಮಪ್ರಸಾದದ ಚೂರುಗಳನ್ನು ನಗರದ ಬೇರೆ ಚರ್ಚುಗಳಿಗೆ ಕಳಿಸುತ್ತಿದ್ದರು. ಅಲ್ಲಿನ ಗುರುಗಳು ಅದನ್ನು ತಮ್ಮ ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದರು, ತಾವು ಬೇರೆಯಲ್ಲ ಅನ್ನೋದಕ್ಕೆ ಗುರುತಾಗಿ. "ಫರ್ಮೆಂಟುಮ್" ಅಂತ ಅದರ ಹೆಸರು, ಹುಳಿ ಅಥವಾ ಹೆಪ್ಪು ಅನ್ನೋ ಅರ್ಥ. 416ರಲ್ಲಿ ಪೋಪ್ ಒಂದನೇ ಇನೊಸೆಂಟ್ ಬರೆದ ಪತ್ರದಲ್ಲಿ ಇದರ ವಿವರ ಇದೆ. ಮನೆಯಿಂದ ಮನೆಗೆ ಹೆಪ್ಪು ಒಯ್ಯುವುದನ್ನು ಕಂಡ ನಮಗೆ ಇದು ಬೇಗ ಅರ್ಥ ಆಗುತ್ತೆ.

ಆ ಪದ್ಧತಿ ಈಗಿಲ್ಲ. ಆದರೆ ಬಲಿಪೂಜೆಯಲ್ಲಿ ಕಿವಿಗೊಟ್ಟು ಕೇಳಿ, ಪೋಪ್ ಹೆಸರು ಮತ್ತು ಆ ಊರಿನ ಬಿಷಪ್ ಹೆಸರು ಬರುತ್ತೆ. ಈಗ ಯಾವ ಊರಲ್ಲಾದರೂ ಪೋಪ್ ಹದಿನಾಲ್ಕನೇ ಲಿಯೋ ಅವರ ಹೆಸರು ಕೇಳಿಸುತ್ತೆ. ಅದು ಗೌರವದ ಮಾತಷ್ಟೇ ಅಲ್ಲ. ಈ ಪೂಜೆ ಯಾರ ಜೊತೆ ಕೂಡಿದೆ ಅಂತ ಹೇಳುವ ಮಾತು.

ಹಾಗಾಗಿ ಹಾಸನದ ಕಥೋಲಿಕ ಹುಡುಗಿ ಚೆನ್ನೈಗೆ ಹೋಗಿ ತಮಿಳು ಪೂಜೆಯಲ್ಲಿ ಕೂತರೆ, ಧರ್ಮಸಭೆಯ ಲೆಕ್ಕದಲ್ಲಿ ಅವಳು ಅತಿಥಿಯಲ್ಲ, ಮನೆಯವಳು. ಭಾಷೆ ಅರ್ಥ ಆಗದಿದ್ದರೂ ಆಮೆನ್ ಅದೇ. ಆರಾಧನೆಯ ವಿಧಾನವೇ ಬೇರೆ ಇದ್ದರೂ ಪರವಾಗಿಲ್ಲ. ಭಾರತದ ಕಥೋಲಿಕರಲ್ಲಿ ಲ್ಯಾಟಿನ್, ಸಿರೋ ಮಲಬಾರ್, ಸಿರೋ ಮಲಂಕರ ಅಂತ ಮೂರು ಪರಂಪರೆ. ಕೇರಳದಿಂದ ಕೆಲಸಕ್ಕೆ ಬಂದವರಿಗಾಗಿ 1988ರಲ್ಲಿ ಮುಂಬೈ, ಪುಣೆ ಭಾಗದಲ್ಲಿ ಸಿರೋ ಮಲಬಾರ್ ಸಭೆಯ ಕಲ್ಯಾಣ್ ಧರ್ಮಪ್ರಾಂತ್ಯವೇ ಶುರುವಾಯಿತು. ಮಂಗಳೂರಿನ ಲ್ಯಾಟಿನ್ ಪರಂಪರೆಯವರು ಅಲ್ಲಿ ಹೋಗಿ ಪರಮಪ್ರಸಾದ ತಗೊಳ್ಳಬಹುದು, ಅವರೂ ಇಲ್ಲಿ ಬಂದು ತಗೊಳ್ಳಬಹುದು.

ಆದರೆ ಆರ್ಥೊಡಾಕ್ಸ್ ಸಭೆಗಳ ವಿಷಯ ಬೇರೆ. ಅವರ ಪರಮಪ್ರಸಾದ ನಿಜವಾದದ್ದೇ ಅಂತ ಕಥೋಲಿಕರು ಒಪ್ಪುತ್ತಾರೆ. 1965ರಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾನ್‌ಸ್ಟಾಂಟಿನೋಪಲಿನ ಪಿತೃಪ್ರಧಾನ ಅಥೆನಾಗೊರಾಸ್ 1054ರ ಬಹಿಷ್ಕಾರಗಳನ್ನು ಹಿಂದಕ್ಕೆ ತಗೊಂಡರು. ಆದರೂ ಇಬ್ಬರಿಗೂ ಸೇರಿ ಒಂದೇ ಪೀಠ ಇನ್ನೂ ಆಗಿಲ್ಲ. ಪ್ರಾಟೆಸ್ಟೆಂಟರಿಗೆ ಸಾವಿನ ಅಪಾಯದಂಥ ತುರ್ತಿನಲ್ಲಿ, ಕೆಲವು ಷರತ್ತಿನ ಮೇಲೆ ಕೊಡಬಹುದು ಅಂತ 1983ರ ಧರ್ಮಸಭೆಯ ಕಾನೂನು ಹೇಳುತ್ತೆ. ಒಡಕು ಇದ್ದೂ ಇಲ್ಲದ ಹಾಗೆ ನಟಿಸೋದು ಬೇಡ ಅನ್ನೋದು ಅವರ ನಿಲುವು. ಗಂಡ ಕಥೋಲಿಕ, ಹೆಂಡತಿ ಪ್ರಾಟೆಸ್ಟೆಂಟ್ ಆಗಿರುವ ಮನೆಗಳಲ್ಲಿ ಇದು ಪ್ರತಿ ಭಾನುವಾರದ ನೋವು. ಒಬ್ಬರು ಎದ್ದು ಹೋಗ್ತಾರೆ, ಒಬ್ಬರು ಕೂತಿರ್ತಾರೆ.

ನಡುವೆ ಮರೆತದ್ದು, ಮತ್ತೆ ನೆನಪಾದದ್ದು

ಈ ಎರಡನೇ ಅರ್ಧ ಮಧ್ಯಯುಗದ ಯುರೋಪಿನಲ್ಲಿ ಮಸುಕಾಯಿತು. ಜನ ಪರಮಪ್ರಸಾದವನ್ನು ದೂರದಿಂದ ನೋಡಿ ಕೈಮುಗಿಯುತ್ತಿದ್ದರು, ತಗೊಳ್ಳುತ್ತಿದ್ದುದು ಅಪರೂಪ. ವರ್ಷಕ್ಕೆ ಒಂದು ಸಲವಾದರೂ ತಗೊಳ್ಳಿ ಅಂತ 1215ರಲ್ಲಿ ಕಟ್ಟಳೆ ಮಾಡಬೇಕಾಯಿತು ಅಂದ್ರೆ ಊಹಿಸಿ. 1905ರಲ್ಲಿ ಪೋಪ್ ಹತ್ತನೇ ಪಯಸ್ ಅವರ ಕಾಲದಲ್ಲಿ ಮೇಲಿಂದ ಮೇಲೆ ತಗೊಳ್ಳಿ ಅನ್ನೋ ಆದೇಶ ಬಂತು, 1910ರಲ್ಲಿ ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಬಾಗಿಲು ತೆರೆಯಿತು.

1944ರಲ್ಲಿ ಫ್ರಾನ್ಸಿನ ಯೇಸುಸಭೆಯ ಗುರು ಆನ್ರಿ ದ ಲುಬಾಕ್ ಒಂದು ಪುಸ್ತಕದಲ್ಲಿ ಹಳೆಯ ಗ್ರಂಥಗಳನ್ನೆಲ್ಲ ಜಾಲಾಡಿ, ಮೊದಲ ಶತಮಾನಗಳಲ್ಲಿ ಪರಮಪ್ರಸಾದವನ್ನೂ ಧರ್ಮಸಭೆಯನ್ನೂ ಬಿಡಿಸಿ ನೋಡುತ್ತಲೇ ಇರಲಿಲ್ಲ ಅಂತ ತೋರಿಸಿದರು. ಧರ್ಮಸಭೆ ಪರಮಪ್ರಸಾದವನ್ನು ಆಚರಿಸುತ್ತೆ, ಪರಮಪ್ರಸಾದ ಧರ್ಮಸಭೆಯನ್ನು ಕಟ್ಟುತ್ತೆ. ಈ ವಿಚಾರ ಎರಡನೇ ವ್ಯಾಟಿಕನ್ ಮಹಾಸಭೆಗೆ ಬಂತು. 1964ರ ನವೆಂಬರಿನಲ್ಲಿ ಅದು ಹೊರಡಿಸಿದ ಧರ್ಮಸಭೆಯ ಕುರಿತ ದಸ್ತಾವೇಜು, ಪರಮಪ್ರಸಾದವನ್ನು ಕ್ರೈಸ್ತ ಬದುಕಿನ ಮೂಲವೂ ಹೌದು ಶಿಖರವೂ ಹೌದು ಅಂದಿತು. ಮುಂಬೈಯಲ್ಲಿರೋರಿಗೆ ಒಂದು ಮಾತು. ಅದಾದ ಕೆಲವೇ ದಿನಕ್ಕೆ, ಡಿಸೆಂಬರ್ 2ರಂದು, ಆರನೇ ಪೌಲ್ ನಿಮ್ಮ ಊರಿಗೆ ಬಂದಿಳಿದರು. ಓವಲ್ ಮೈದಾನದಲ್ಲಿ ನಡೆಯುತ್ತಿದ್ದ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನಕ್ಕೆ. ಭಾರತಕ್ಕೆ ಬಂದ ಮೊದಲ ಪೋಪ್ ಅವರೇ.

ಚುಚ್ಚಬೇಕಾದ ಜಾಗ

ಇಷ್ಟು ಓದಿದ ಮೇಲೆ ಆ ಚಿಕ್ಕಮ್ಮನ "ನಮ್ಮವರಿಗೆ ಮಾತ್ರ" ನನಗೆ ಬೇರೆ ಥರ ಕೇಳಿಸಿತು. ನನ್ನನ್ನು ಕೀಳು ಅಂತ ತಡೆದದ್ದಲ್ಲ ಅದು. ನಾನು ಮನಸ್ಸಿನಿಂದ ಹೇಳಲಾಗದ ಆಮೆನ್ ಅನ್ನು ನನ್ನ ಬಾಯಲ್ಲಿ ಹೇಳಿಸಬಾರದು ಅಂತ ತಡೆದದ್ದು. ಅಷ್ಟೇ ಅಲ್ಲ, ಆವತ್ತು ಸುತ್ತ ನೋಡಿದ್ದರೆ ಕೂತೇ ಇದ್ದ ಕಥೋಲಿಕರೂ ಕಾಣುತ್ತಿದ್ದರೇನೋ. ದೊಡ್ಡ ಪಾಪ ಮಾಡಿದ್ದೇನೆ ಅಂತ ಮನಸ್ಸಿಗೆ ಗೊತ್ತಿದ್ದವರು ಪಾಪನಿವೇದನೆ ಮಾಡದೆ ಹೋಗುವ ಹಾಗಿಲ್ಲ. ನಿಯಮ ಮೊದಲು ಅವರಿಗೇ.

ಆದರೆ ಅದೇ ನಿಯಮ ಅವರ ಕಡೆಗೂ ತಿರುಗುತ್ತೆ. ಹೊರಗಿನವರಿಗೆ "ಒಂದೇ ಶರೀರವಾದವರಿಗೆ ಮಾತ್ರ" ಅನ್ನೋರು ಒಳಗೆ ಒಂದೇ ಶರೀರವಾಗಿ ಇರಬೇಕಲ್ವಾ? ತಮಿಳುನಾಡಿನಲ್ಲಿ ಜಾತಿಗೊಂದು ಸ್ಮಶಾನದ ಭಾಗ ಮಾಡಿದ ಚರ್ಚುಗಳಿವೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪ್‌ಗಳ ಮಂಡಳಿಯೇ ದಲಿತರ ಕುರಿತ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆ ಉಳಿದಿದೆ ಅಂತ ಒಪ್ಪಿಕೊಂಡಿತು. ನಮ್ಮ ಬೆಂಗಳೂರಿನ ಚರ್ಚುಗಳಲ್ಲಿ ಪೂಜೆಯ ಭಾಷೆ ಯಾವುದು ಅಂತ ದಶಕಗಳ ಜಗಳ ನಡೆದದ್ದು ಎಷ್ಟೋ ಕನ್ನಡಿಗರಿಗೆ ಗೊತ್ತು. ಕೊರಿಂಥದವರಿಗೆ ಪೌಲ ಬರೆದ ಪತ್ರ ಹಳೆಯದಾಗಿಲ್ಲ. ದೇವಸ್ಥಾನಗಳ ಪಂಕ್ತಿಭೇದ ಕಂಡ ನಾವೂ ಇದನ್ನು ಕೇಳಿ ನಗುವ ಹಾಗಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಸುಮಾರು 150ರ ಹೊತ್ತಿಗೆ ರೋಮಿನಲ್ಲಿದ್ದ ಸಂತ ಜಸ್ಟಿನ್, ಕ್ರೈಸ್ತರು ಭಾನುವಾರ ಏನು ಮಾಡ್ತಾರೆ ಅಂತ ಹೊರಗಿನವರಿಗೆ ವಿವರಿಸಿ ಬರೆದಿದ್ದಾನೆ. ನಂಬಿ ದೀಕ್ಷಾಸ್ನಾನ ಪಡೆದವರಿಗೆ ಮಾತ್ರ ಪರಮಪ್ರಸಾದ ಅಂತ ಅವನೂ ಹೇಳ್ತಾನೆ. ಅಲ್ಲೇ ಇನ್ನೊಂದು ವಿಷಯವನ್ನೂ ಹೇಳ್ತಾನೆ. ಅವತ್ತು ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಮತ್ತು ಪರಊರಿನಿಂದ ಬಂದು ನೆಲೆಸಿದವರಿಗೆ. ನಮ್ಮಂಥವರು ಆ ಪಟ್ಟಿಯಲ್ಲಿದ್ದಾರೆ, ನೋಡಿ.

ಕೊನೆಗೆ, ಸಹೋದ್ಯೋಗಿಯ ಮದುವೆಗೋ ಕ್ರಿಸ್‌ಮಸ್ ರಾತ್ರಿಯ ಪೂಜೆಗೋ ಹೋಗುವವರಿಗೆ. ಎಲ್ಲರೂ ನಿಂತಾಗ ನಿಲ್ಲಿ, ಕೂತಾಗ ಕೂತುಕೊಳ್ಳಿ. ಪರಮಪ್ರಸಾದದ ಹೊತ್ತಿಗೆ ನಿಮ್ಮ ಜಾಗದಲ್ಲೇ ಕೂತು, ಬೇರೆಯವರು ದಾಟಲು ಕಾಲು ಮಡಚಿಕೊಂಡರೆ ಸಾಕು. ಯಾರೂ ತಪ್ಪು ತಿಳಿಯಲ್ಲ. ಗೊತ್ತಿಲ್ಲದೆ ಕೈಗೆ ತಗೊಂಡುಬಿಟ್ಟರೆ ಜೇಬಿಗೆ ಹಾಕಬೇಡಿ, ಅಲ್ಲೇ ಗುರುಗಳಿಗೆ ಹೇಳಿ ಮರಳಿಸಿ.

ಅಂದ ಹಾಗೆ, ಆವತ್ತು ಮಧ್ಯಾಹ್ನ ಊಟದಲ್ಲಿ ಆ ಚಿಕ್ಕಮ್ಮ ನನ್ನನ್ನು ಹುಡುಕಿಕೊಂಡು ಬಂದು, ಬೇಡ ಬೇಡ ಅಂದರೂ ಎರಡು ಸಲ ಬಡಿಸಿ ಹೋದರು.