ದಣಪೆ ಇಟ್ಟು ಕಂಡಿ ಬಿಟ್ಟರೆ



ಕಳೆದ ಅಡಿಕೆ ಸುಗ್ಗಿಯಲ್ಲಿ ಒಂದು ಸೋಮವಾರ ಸಂಘಕ್ಕೆ ಬಂದವರು ಬಿಕರಿ ಪಟ್ಟಿ ಸಿಗದೆ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ‘ಕಂಪ್ಯೂಟರ್ ಕೆಟ್ಟಿದೆ’ ಎಂದಷ್ಟೇ ಅಂದು ಹೇಳಿದೆವು. ನಡೆದದ್ದನ್ನು ಪೂರ್ತಿ ತಿಳಿಸುವುದು ನಮ್ಮ ಕರ್ತವ್ಯ.

ಲಾರಿ ಬಾಡಿಗೆಯ ಬಿಲ್ಲಿನಂತೆ ತೋರುವ ಒಂದು ಇ-ಮೇಲ್ ಬಂದಿತ್ತು. ಲೆಕ್ಕಪತ್ರದ ಕಂಪ್ಯೂಟರಿನಲ್ಲಿ ಅದರ ಕೊಂಡಿ ಒತ್ತಿದ್ದೇ ತಡ, ಯಾವುದೋ ತಾಣದಿಂದ ದುಷ್ಟ ತಂತ್ರಾಂಶ ಇಳಿದು ಕಡತಗಳಿಗೆಲ್ಲ ಬೀಗ ಬಿತ್ತು. ಬಿಡಿಸಲು ಹಣ ಕೇಳಿದರು, ಕೊಡಲಿಲ್ಲ. ಶನಿವಾರ ರಾತ್ರಿ ಬೇರೆ ಡಿಸ್ಕಿಗೆ ತೆಗೆದಿಟ್ಟ ಪ್ರತಿಯಿಂದ ಲೆಕ್ಕ ಮರಳಿತು. ಸೋಮವಾರದ ನಮೂದುಗಳನ್ನು ತೂಕದ ಚೀಟಿ ನೋಡಿ ಮತ್ತೆ ಬರೆದೆವು. ಮೂರು ದಿನ ಹಿಡಿಯಿತು. ಕೂಲಿ ಬಟವಾಡೆಗೆ ಹಣ ಬೇಕಿದ್ದವರು ಆ ಮೂರು ದಿನ ಪಟ್ಟ ಪಾಡು ನಮಗೆ ಗೊತ್ತಿದೆ.

ಇದನ್ನು ತಡೆಯುವ ಏರ್ಪಾಡು ನಮ್ಮಲ್ಲಿ ಇತ್ತು. ಅದರ ಹೆಸರು ಪ್ರಾಕ್ಸಿ. ಕಂಪ್ಯೂಟರುಗಳು ನೇರವಾಗಿ ಇಂಟರ್‌ನೆಟ್ಟಿಗೆ ಹೋಗದೆ ತಮ್ಮ ಬೇಡಿಕೆಯನ್ನು ಕಚೇರಿಯ ಒಂದು ಯಂತ್ರಕ್ಕೆ ಕೊಡುತ್ತವೆ. ಆ ಯಂತ್ರ ಪಟ್ಟಿ ನೋಡಿ, ಒಪ್ಪಿಗೆಯಿದ್ದ ತಾಣಕ್ಕೆ ಮಾತ್ರ ಹೋಗಿ ಬರುತ್ತದೆ, ಹೋದದ್ದನ್ನು ಬರೆದಿಡುತ್ತದೆ. ಹಳೆಯ ಕಂಪ್ಯೂಟರೊಂದಕ್ಕೆ ಸ್ಕ್ವಿಡ್ ಎಂಬ ಉಚಿತ ತಂತ್ರಾಂಶ ಹಾಕಿ ಇದನ್ನು ಮಾಡಿದ್ದೆವು. ಆದರೆ ‘ನೆಟ್ ನಿಧಾನ’ ಎಂದು ಗುಮಾಸ್ತರು ದೂರಿದಾಗ ‘ಸದ್ಯಕ್ಕೆ ತೆಗೆದುಬಿಡಿ’ ಎಂದವರು ನಾವೇ. ಸೆಟ್ಟಿಂಗಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಪ್ರಾಕ್ಸಿ ಹೋಯಿತು. ತೋಟಕ್ಕೆ ದಣಪೆ ಇಟ್ಟು ಪಕ್ಕದಲ್ಲೇ ಕಂಡಿ ಬಿಟ್ಟರೆ ದನ ದಣಪೆ ದಾಟಿ ಬರುತ್ತದೆಯೆ?

ಈಗ ಕಂಡಿಗಳನ್ನು ಒಂದೊಂದಾಗಿ ಮುಚ್ಚಿದ್ದೇವೆ. ವಿಂಡೋಸಿನಲ್ಲಿ ಪ್ರಾಕ್ಸಿಯ ಸೆಟ್ಟಿಂಗ್ ಸಾಮಾನ್ಯವಾಗಿ ಬಳಕೆದಾರನಿಗೆ ಸೇರಿದ್ದು. ಬೇರೊಬ್ಬರು ತಮ್ಮ ಹೆಸರಿನಲ್ಲಿ ಒಳಬಂದರೆ ಅದು ಇರುವುದಿಲ್ಲ. ಗ್ರೂಪ್ ಪಾಲಿಸಿ ಎಂಬ ಸೌಲಭ್ಯದಿಂದ ಅದನ್ನು ಇಡೀ ಯಂತ್ರಕ್ಕೇ ಅನ್ವಯಿಸಿದೆವು. ದಿನನಿತ್ಯದ ಬಳಕೆದಾರರಿಂದ ಅಡ್ಮಿನಿಸ್ಟ್ರೇಟರ್ ಅಧಿಕಾರ ತೆಗೆದೆವು. ಕ್ರೋಮ್, ಎಡ್ಜ್ ಎರಡೂ ವಿಂಡೋಸಿನ ಸೆಟ್ಟಿಂಗನ್ನೇ ಅನುಸರಿಸುತ್ತವೆ. ಫೈರ್‌ಫಾಕ್ಸಿಗೆ ತನ್ನದೇ ಸೆಟ್ಟಿಂಗ್ ಇಟ್ಟುಕೊಳ್ಳುವ ಅವಕಾಶವಿದೆ. ಅದಕ್ಕೆ ಬೇರೆಯೇ ಬೀಗ ಹಾಕಬೇಕಾಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಫೈರ್‌ವಾಲ್. 80 ಮತ್ತು 443ನೇ ಪೋರ್ಟುಗಳಲ್ಲಿ ಹೊರಗೆ ಹೋಗಲು ಪ್ರಾಕ್ಸಿ ಯಂತ್ರವೊಂದಕ್ಕೇ ಅನುಮತಿ. ಇನ್ನು ಯಾರಾದರೂ ಸೆಟ್ಟಿಂಗ್ ತೆಗೆದರೆ ಅವರಿಗೆ ನೆಟ್ಟೇ ಇಲ್ಲ. ಸೆಟ್ಟಿಂಗ್ ದಾರಿ ತೋರಿಸುತ್ತದೆ. ಬೇಲಿಯಾಗಿ ನಿಲ್ಲುವುದು ಫೈರ್‌ವಾಲ್.

ಒಂದು ಎಡವಟ್ಟನ್ನೂ ಹೇಳಬೇಕು. ಹಿನ್ನೆಲೆಯಲ್ಲಿ ನಡೆಯುವ ಕೆಲವು ಕೆಲಸಗಳು ಬ್ರೌಸರಿನ ಸೆಟ್ಟಿಂಗನ್ನು ನೋಡುವುದೇ ಇಲ್ಲ. ಬಾಗಿಲು ಮುಚ್ಚಿದ ಮೇಲೆ ಆಂಟಿವೈರಸ್ಸಿನ ಹೊಸ ಮಾಹಿತಿ ಬರುವುದು ನಿಂತಿತ್ತು. ಅವಕ್ಕೆ ಪ್ರತ್ಯೇಕವಾಗಿ ಪ್ರಾಕ್ಸಿ ತೋರಿಸಿಕೊಟ್ಟ ಮೇಲೆ ಸರಿಹೋಯಿತು. ಇದನ್ನು ಅನುಸರಿಸುವ ಸಂಘಗಳು ಮೊದಲೇ ಪರೀಕ್ಷಿಸಿಕೊಳ್ಳಲಿ.

‘ನಮ್ಮ ಮೇಲೆ ನಂಬಿಕೆ ಇಲ್ಲವೆ?’ ಎಂದು ಸಿಬ್ಬಂದಿ ಕೇಳಿದರು. ನ್ಯಾಯವಾದ ಪ್ರಶ್ನೆ. ಬೇಲಿಯೇ ಎದ್ದು ಹೊಲ ಮೇಯಬಾರದು. ಆದ್ದರಿಂದ ಕಾರ್ಯದರ್ಶಿಯ ಕಂಪ್ಯೂಟರಿಗೂ ಅದೇ ನಿಯಮ. ದಾಖಲೆಯನ್ನು ಇಬ್ಬರು ಕೂಡಿಯೇ ತೆರೆಯಬೇಕು. ಬ್ಯಾಂಕಿನಂಥ ಸುರಕ್ಷಿತ ತಾಣಗಳಲ್ಲಿ ನಮ್ಮ ಪ್ರಾಕ್ಸಿಗೆ ಕಾಣುವುದು ತಾಣದ ಹೆಸರಷ್ಟೆ. ಗುಪ್ತಪದ, ಮೊಬಲಗು ಕಾಣುವುದಿಲ್ಲ. ದಾಖಲೆ ಇಡುವುದು ಕಾನೂನಿನ ಅಗತ್ಯವೂ ಹೌದು. ಕೇಂದ್ರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ದಾಖಲೆಯನ್ನು 180 ದಿನ ಕಾದಿಡಬೇಕು, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು.

ಇನ್ನು ತಮ್ಮಲ್ಲೊಂದು ವಿನಂತಿ. ‘ಒಂದು ಪಹಣಿ ತೆಗೆದುಕೊಡಿ’, ‘ಮಗಳ ಫಲಿತಾಂಶ ನೋಡಿ’ ಎಂದು ಸದಸ್ಯರು ಕೇಳುವುದು ಸಹಜ. ಲೆಕ್ಕದ ಕಂಪ್ಯೂಟರಿನಲ್ಲಿ ಅದು ತೆರೆಯದಿದ್ದಾಗ ಗುಮಾಸ್ತರು ಮೊಬೈಲಿನ ಹಾಟ್‌ಸ್ಪಾಟ್ ಜೋಡಿಸಿಕೊಟ್ಟರೆ ನಮ್ಮ ಬೇಲಿಯೆಲ್ಲ ವ್ಯರ್ಥ. ಲೆಕ್ಕದ ಯಂತ್ರಗಳಲ್ಲಿ ವೈಫೈ ನಿಲ್ಲಿಸಿದ್ದೇವೆ. ಸದಸ್ಯರ ಕೆಲಸಕ್ಕೆಂದು ಕೌಂಟರಿನ ಬಳಿ, ಲೆಕ್ಕದ ಜಾಲಕ್ಕೆ ಸೇರದ ಬೇರೆ ಕಂಪ್ಯೂಟರ್ ಇಟ್ಟಿದ್ದೇವೆ. ದಯವಿಟ್ಟು ಅಲ್ಲಿಯೇ ಕೇಳಿ. ಗುಮಾಸ್ತರು ‘ಇಲ್ಲಿ ಆಗುವುದಿಲ್ಲ’ ಎಂದರೆ ಬೇಸರಿಸಬೇಡಿ. ಅವರು ಕಾಯುತ್ತಿರುವುದು ತಮ್ಮ ಲೆಕ್ಕವನ್ನೇ.