ಧ್ವನಿಪೆಟ್ಟಿಗೆಯ ಶಸ್ತ್ರಚಿಕಿತ್ಸೆ ಮತ್ತು ಮಾತಿನ ಪುನರ್ಲಾಭ

ಭೋಸರಿಯ ಕಾರ್ಖಾನೆಗಳಲ್ಲಿ ಯಂತ್ರಗಳ ಸದ್ದನ್ನು ಮೀರಿ ಕೂಗಿ ಮಾತನಾಡುವುದು ಕಾರ್ಮಿಕರಿಗೆ ನಿತ್ಯದ ರೂಢಿ. ಆದಕಾರಣ ಗಂಟಲು ಒಡೆದರೆ ಅದನ್ನು ರೋಗವೆಂದು ಬಗೆಯುವವರು ವಿರಳ. ಉಪ್ಪುನೀರು, ಲವಂಗ, ಅರಿಶಿನದ ಹಾಲುಗಳಲ್ಲಿಯೇ ತಿಂಗಳುಗಳು ಉರುಳುತ್ತವೆ. ತಂಬಾಕು, ಬೀಡಿ, ಮದ್ಯಗಳ ಅಭ್ಯಾಸವುಳ್ಳವರಿಗೆ ಈ ಉದಾಸೀನ ಅಪಾಯಕರ.

ಶ್ವಾಸನಾಳದ ಮೇಲ್ತುದಿಯಲ್ಲಿರುವ ಧ್ವನಿಪೆಟ್ಟಿಗೆಯು ಉಸಿರಿಗೆ ದಾರಿ, ಸ್ವರಕ್ಕೆ ಮೂಲ. ನುಂಗಿದ ಅನ್ನವು ಶ್ವಾಸನಾಳಕ್ಕಿಳಿಯದಂತೆ ತಡೆಯುವ ಬಾಗಿಲೂ ಹೌದು. ಇದರೊಳಗಿನ ಎರಡು ಸ್ವರತಂತುಗಳಲ್ಲಿ ಕ್ಯಾನ್ಸರ್ ತಲೆದೋರಿದರೆ ಸ್ವರವು ಬೇಗನೆ ಒಡೆಯುತ್ತದೆ. ಮೂರು ವಾರ ಕಳೆದರೂ ಸ್ವರ ತಿಳಿಯಾಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸುವುದು ಅವಶ್ಯ. ಸಮೀಪದ ಪಿಂಪ್ರಿಯಲ್ಲಿ ಮಹಾನಗರಪಾಲಿಕೆಯ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆಯಿದೆ.

ಕೂಗಾಟದಿಂದಾದ ಸಣ್ಣ ಗಂಟುಗಳು ಬಹುಮಟ್ಟಿಗೆ ಸ್ವರಕ್ಕೆ ವಿಶ್ರಾಂತಿ ಮತ್ತು ತರಬೇತಿಯಿಂದಲೇ ಶಮನವಾಗುತ್ತವೆ. ಆರಂಭದ ಕ್ಯಾನ್ಸರನ್ನು ಬಾಯಿಯ ಮೂಲಕವೇ ಲೇಸರ್ ಕಿರಣದಿಂದ ತೆಗೆಯಬಹುದು, ಇಲ್ಲವೆ ವಿಕಿರಣದಿಂದ ಗುಣಪಡಿಸಬಹುದು. ಮಾತು ಬಹುತೇಕ ಉಳಿಯುತ್ತದೆ. ರೋಗ ಬೆಳೆದು ಉಸಿರಿನ ದಾರಿ ಕಟ್ಟಿದರೆ ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ನಳಿಕೆಯನ್ನಿಡುತ್ತಾರೆ. ರೋಗವು ತೀರ ಮುಂದುವರಿದಾಗ ಇಡೀ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಕ್ಯಾನ್ಸರಿಗಾಗಿ ಇಂಥ ಶಸ್ತ್ರಕ್ರಿಯೆಯನ್ನು 1873ರಲ್ಲಿಯೇ ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರಾತ್ ನಡೆಸಿದರು. ಬಳಿಕ ರೋಗಿಯು ಬಾಯಿಯಿಂದಲೇ ಉಣ್ಣುತ್ತಾನೆ. ಉಸಿರು ಮಾತ್ರ ಕುತ್ತಿಗೆಯ ರಂಧ್ರದಿಂದ, ಜೀವನಪರ್ಯಂತ. ಆ ರಂಧ್ರವನ್ನು ಸ್ನಾನದ ನೀರು, ಧೂಳುಗಳಿಂದ ಕಾಪಾಡಬೇಕು. ಉಸಿರುಕಟ್ಟುವಂತೆ ಎಂದೂ ಮುಚ್ಚಬಾರದು.

"ಮಾತೇ ಹೋದಮೇಲೆ ಬದುಕೇಕೆ" ಎಂಬ ಭೀತಿಯಿಂದ ಶಸ್ತ್ರಕ್ರಿಯೆಯನ್ನು ಒಲ್ಲೆನೆನ್ನುವವರುಂಟು. ಆದರೆ ಸ್ವರ ಹುಟ್ಟಲು ಬೇಕಾದದ್ದು ಗಾಳಿ ಮತ್ತು ಕಂಪನ. ಇವೆರಡನ್ನೂ ಬೇರೆ ದಾರಿಯಿಂದ ಒದಗಿಸಬಹುದು. ಶ್ವಾಸನಾಳ ಹಾಗೂ ಅನ್ನನಾಳಗಳ ನಡುವೆ ಸಣ್ಣದೊಂದು ಕವಾಟವನ್ನು ಕೂಡಿಸುತ್ತಾರೆ. ಮಾತನಾಡುವಷ್ಟು ಹೊತ್ತು ಕುತ್ತಿಗೆಯ ರಂಧ್ರವನ್ನು ಬೆರಳಿನಿಂದ ಒತ್ತಿದರೆ, ಪುಪ್ಪುಸದ ಗಾಳಿಯು ಕವಾಟದ ಮೂಲಕ ಮೇಲೇರಿ ಗಂಟಲನ್ನು ಕಂಪಿಸುತ್ತದೆ. ನಾಲಗೆ, ತುಟಿಗಳು ಅದನ್ನು ಮಾತಾಗಿಸುತ್ತವೆ. ಅಮೆರಿಕದ ಸಿಂಗರ್ ಮತ್ತು ಬ್ಲಾಮ್ 1980ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಕವಾಟವು ಶಾಶ್ವತವಲ್ಲ, ಆಗಾಗ ಬದಲಿಸಬೇಕು. ಆಮದಾದ ಕವಾಟದ ಬೆಲೆ ಸಾವಿರಾರು ರೂಪಾಯಿ. ಕೂಲಿಕಾರನಿಗೆ ಇದೇ ದೊಡ್ಡ ತೊಡಕು. ಇದನ್ನು ಮನಗಂಡ ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್, ಉದ್ಯಮಿ ಮಿತ್ರ ಶಶಾಂಕ್ ಮಹೇಶರೊಡಗೂಡಿ 'ಓಂ' ಎಂಬ ಅತ್ಯಲ್ಪ ಬೆಲೆಯ ಸಿಲಿಕೋನ್ ಕವಾಟವನ್ನು ರೂಪಿಸಿದರು. 2015ರಲ್ಲಿ ಅದು ನಾಡಿನ ಗಮನ ಸೆಳೆಯಿತು.

ಧ್ವನಿಪೆಟ್ಟಿಗೆ ಹೋದರೂ ಮಾತು ಮರಳಬಲ್ಲುದು. ಕಳೆದ ಕಾಲ ಮರಳದು. ಮೂರು ವಾರದ ಗಡುವನ್ನು ಪ್ರತಿಯೊಂದು ಕುಟುಂಬವೂ ನೆನಪಿನಲ್ಲಿಡುವುದು ಶ್ರೇಯಸ್ಕರ.